ಬುಗುರಿ ಅಲುಗದೆ ಮಲಗಬೇಕಿತ್ತು

ಸಿಲಿಂಡರ್ ಹೊರುವವನಿಗೆ ಬುಗುರಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನಿಗೆ ಮನುಷ್ಯರನ್ನು ನೋಡುವ ಕಣ್ಣಿತ್ತು. ಮೂವತ್ತು ವರ್ಷದಿಂದ ಮನೆಮನೆಗೆ ಗ್ಯಾಸ್ ಸಿಲಿಂಡರ್ ತಲುಪಿಸುತ್ತಿದ್ದವನು ಇವನು. ಗಾಡಿಯಿಂದ ಇಳಿಸಿ, ಅಂಚಿನ ಮೇಲೆ ಉರುಳಿಸುತ್ತ ಮೆಟ್ಟಿಲವರೆಗೆ ತಂದು, ಹೆಗಲಿಗೇರಿಸಿ ಮೂರನೇ ಮಹಡಿ ಹತ್ತಿ, ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ, ಮನೆಯವರು ಕುಡಿಯಲು ನೀರು ತರುವಷ್ಟರಲ್ಲಿ ಮುಂದಿನ ಬೀದಿಯಲ್ಲಿರುತ್ತಿದ್ದ. ಊಟಕ್ಕೆ ಕೂತರೂ ಒಂದು ಮಂಡಿ ಕುಣಿಯುತ್ತಲೇ ಇರಬೇಕು. ಮದುವೆಯ ಫೋಟೋದಲ್ಲಿ ಅವನೊಬ್ಬನ ಮುಖ ಮಸುಕಾಗಿದೆ. ಅದರಲ್ಲಿ ಫೋಟೋದವನ ತಪ್ಪೇನೂ ಇಲ್ಲವೆಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಅಂಥವನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಗಂಟಲಿನ ಕ್ಯಾನ್ಸರ್ ಬಂತು. ಬರಬಾರದಿತ್ತು, ಬಂತು. ದನಿ ಒಡೆದು ಎರಡು ತಿಂಗಳಾದರೂ ನೆಗಡಿ ಎಂದುಕೊಂಡು ಓಡಾಡಿದ. ಕೊನೆಗೆ ಅಕ್ಕ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. ಗುಣವಾಗುವ ಹಂತದಲ್ಲೇ ಸಿಕ್ಕಿದೆ, ಮೂವತ್ಮೂರು ದಿನ ಕರೆಂಟು ಕೊಟ್ಟರೆ ದನಿಯೂ ಉಳಿಯಬಹುದು ಎಂದರು ಡಾಕ್ಟರಮ್ಮ. ವಿಕಿರಣ ಚಿಕಿತ್ಸೆಗೆ ಜನ ಕರೆಂಟು ಕೊಡುವುದು ಅಂತಲೇ ಅನ್ನುತ್ತಾರೆ.

ಫಜೀತಿ ಶುರುವಾದದ್ದು ಇಲ್ಲಿಂದ. ಕಿರಣ ಕೂದಲೆಳೆಯಷ್ಟೂ ಆಚೀಚೆ ಬೀಳಬಾರದಂತೆ. ಅದಕ್ಕೆ ಬಿಸಿನೀರಲ್ಲಿ ಮೆದುವಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದಿಂದ ಭುಜದವರೆಗೆ ಅಂಟಿದ ಹಾಗೆ ಒತ್ತಿ, ಅದು ಗಟ್ಟಿಯಾದ ಮೇಲೆ ಮೇಜಿಗೆ ಬಿಗಿಯುತ್ತಾರೆ. ಅದರ ಕೆಳಗೆ ಹನ್ನೆರಡು ನಿಮಿಷ ಅಲುಗದೆ ಮಲಗಬೇಕು. ತಲೆಯ ಮೇಲೆ ಹೊದಿಕೆ ಎಳೆದರೂ ಉಸಿರು ಕಟ್ಟುವ ಮನುಷ್ಯ! ಮೊದಲ ದಿನ ಜಾಲರಿ ಗಲ್ಲಕ್ಕೆ ತಾಗಿದ್ದೇ ತಡ, ಕಿತ್ತೆಸೆದು ಬರಿಗಾಲಲ್ಲಿ ಗೇಟಿನ ತನಕ ಓಡಿಬಿಟ್ಟ. ಡಾಕ್ಟರಮ್ಮ ಬೈಯಲಿಲ್ಲ. ಮೂವತ್ಮೂರು ದಿನವೂ ಮತ್ತಿನ ಔಷಧಿ ಕೊಟ್ಟು ಮಲಗಿಸಲು ಆಗುವುದಿಲ್ಲ, ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡೋಣ, ಆಗಲೂ ಆಗದಿದ್ದರೆ ಧ್ವನಿಪೆಟ್ಟಿಗೆ ತೆಗೆಯುವುದೊಂದೇ ದಾರಿ ಎಂದರು.

ಆ ಸಂಜೆ ಅವನ ಮಾತು ಕೇಳಿಸಿಕೊಂಡವನು ಬಡಗಿ. ಒಂದೇ ಬೀದಿಯಲ್ಲಿ ಬೆಳೆದವರು, ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಅಷ್ಟೇನಾ ಎಂದ ಬಡಗಿ. ಸೊಳ್ಳೆಗೆಂದು ಕಿಟಕಿಗೆ ಬಡಿಯುವ ಜಾಲರಿಯನ್ನು ಮರದ ಚೌಕಟ್ಟಿಗೆ ಬಿಗಿದು, ತನ್ನ ಕೆಲಸದ ಮೇಜಿಗೆ ನಾಲ್ಕು ತಿರುಪು ಕೂರಿಸಿದ. ಇದರಲ್ಲೇನಿದೆ ಮಹಾ ಎಂದು ತಾನೇ ಮೊದಲು ಮಲಗಿದ. ಒಂದು ನಿಮಿಷಕ್ಕೇ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಆಮೇಲೆ ಇದರಲ್ಲೇನಿದೆ ಎಂಬ ಮಾತನ್ನು ಅವನು ಎತ್ತಲಿಲ್ಲ.

ಮಾರನೇ ದಿನದಿಂದ ಮರದ ಹೊಟ್ಟಿನ ವಾಸನೆಯ ಆ ಕೋಣೆಯಲ್ಲಿ ಅಭ್ಯಾಸ ನಡೆಯಿತು. ಹೆಂಡತಿ ಕಾಲ ಬಳಿ ನಿಂತು ಎರಡೂ ಪಾದ ಹಿಡಿದುಕೊಳ್ಳುವಳು. ಅಕ್ಕ ತಲೆಯ ಬಳಿ ನಿಂತು, ತೀರಿಹೋದ ತಾಯಿ ಕಲಿಸಿದ ಪ್ರಾರ್ಥನೆ ಹೇಳುವಳು. ಒಲೆಯ ಮುಂದೆ ನಿಂತವರನ್ನು ಕಾಯಿ, ದಾರಿಯಲ್ಲಿ ಇರುವವರನ್ನು ಕಾಯಿ, ನಿದ್ದೆ ಬಾರದವರನ್ನು ಕಾಯಿ ಎಂದು ಅದು ಉದ್ದಕ್ಕೆ ಸಾಗುತ್ತದೆ. ನಿಧಾನವಾಗಿ ಹೇಳಿದರೆ ನಾಲ್ಕು ನಿಮಿಷ, ಮೂರು ಸಲ ಹೇಳಿದರೆ ಲೆಕ್ಕಕ್ಕೆ ಸರಿಯಾಗಿ ಹನ್ನೆರಡು. ಗಡಿಯಾರ ಬಡಗಿಯ ಕೈಯಲ್ಲಿ. ದೇವರ ಹೆಸರೆತ್ತಿದರೆ ಮೂಗು ಮುರಿಯುವ ಆಸಾಮಿ ಅವನು. ನಿಮ್ಮ ದೇವರಿಗೆ ಕಿವಿ ಮಂದ, ಸ್ವಲ್ಪ ಜೋರಾಗಿ ಹೇಳಿ ಎಂದು ಅಕ್ಕನನ್ನು ಕೆಣಕುವುದು, ಅಕ್ಕ ದುರುಗುಟ್ಟಿ ನೋಡುವುದು, ಇದು ದಿನಾ ಇದ್ದದ್ದೇ.

ಮೊದಲ ದಿನ ನಲವತ್ತು ಸೆಕೆಂಡು. ಮೂರನೇ ದಿನ ಎರಡು ನಿಮಿಷ. ಐದನೇ ದಿನ ಬುಗುರಿ ತಿರುಪು ಕಿತ್ತುಬರುವಂತೆ ಚೌಕಟ್ಟನ್ನು ತಳ್ಳಿ ಎದ್ದು ಕೂತ, ಸತ್ತರೆ ಸಾಯುತ್ತೇನೆ, ಇದು ಮಾತ್ರ ಬೇಡ ಎಂದು ಪಟ್ಟು ಹಿಡಿದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಡತಿ ಮಾತ್ರ ಅವನ ಪಾದ ಬಿಡಲಿಲ್ಲ.

"ಸತ್ರೂ ಅಲ್ಲಾಡದೆ ಮಲಗ್ಲೇಬೇಕಲ್ರೀ," ಎಂದಳು. "ಆಗ ಎದ್ದು ಬರೋಕೂ ಆಗಲ್ಲ. ಇದು ಹನ್ನೆರಡೇ ನಿಮಿಷ."

ಬುಗುರಿ ಮತ್ತೆ ಮಲಗಿದ. ಅವಳು ಪಾದಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಅವತ್ತು ಐದು ನಿಮಿಷ ಆಯಿತು. ಒಂಬತ್ತನೇ ದಿನ ಹನ್ನೆರಡೂ ಮುಗಿದವು. ಬಡಗಿ ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ಹಲಗೆ ಉಜ್ಜಲು ಹೋದ.

ಹತ್ತನೇ ದಿನ ನಾಲ್ವರೂ ಆಸ್ಪತ್ರೆಗೆ ಹೋದರು. ಜಾಲರಿ ಒತ್ತುವಾಗ ತಲೆಯ ಬಳಿ ನಿಲ್ಲಲು ಅಕ್ಕನಿಗೆ ಒಪ್ಪಿಗೆ ಸಿಕ್ಕಿತು. ಬಿಸಿ ಪ್ಲಾಸ್ಟಿಕ್ ಮುಖಕ್ಕೆ ಅಂಟಿತು, ಆರಿತು, ಬಿಗಿಯಿತು. ಬುಗುರಿ ತಡೆದುಕೊಂಡ. ಕರೆಂಟು ಕೊಡುವುದು ಆಮೇಲೆ, ಇವತ್ತು ಅಳತೆಯ ಸ್ಕ್ಯಾನ್ ಒಂದು ಬಾಕಿ, ಅದಕ್ಕೂ ಹನ್ನೆರಡು ನಿಮಿಷ, ಎಲ್ಲರೂ ಆಚೆ ನಡೆಯಿರಿ ಎಂದ ಯಂತ್ರ ನೋಡಿಕೊಳ್ಳುವ ಹುಡುಗಿಯ ಮಾತಿಗೆ ಮೂವರೂ ಕಲ್ಲಿನಂತೆ ನಿಂತರು.

ಈ ನಾಲ್ವರ ಬುದ್ಧಿಗೆ ಏನೆನ್ನಬೇಕೋ! ತಿರುಪು, ಜಾಲರಿ, ಗಡಿಯಾರ, ಎಲ್ಲವನ್ನೂ ಅಭ್ಯಾಸ ಮಾಡಿದ್ದರು. ಅವನೊಬ್ಬನನ್ನೇ ಬಿಟ್ಟು ಬಾಗಿಲು ಹಾಕಿಕೊಳ್ಳುವುದನ್ನು ಮಾತ್ರ ಮಾಡಿರಲಿಲ್ಲ. ಯಂತ್ರ ನಡೆಯುವಾಗ ಒಳಗೆ ಯಾರೂ ಇರುವಂತಿಲ್ಲ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ತಡೆಯಲಾಗದಿದ್ದರೆ ಕೈ ಎತ್ತಿ, ನಿಲ್ಲಿಸುತ್ತೇವೆ ಎಂದು ಹುಡುಗಿ ಬುಗುರಿಗೆ ಹೇಳಿದಳು. ಹೆಂಡತಿಯ ಕೈ ಪಾದದಿಂದ ಜಾರಿತು. ಬಾಗಿಲು ಮುಚ್ಚಿತು.

ಬುಗುರಿಯ ಕಣ್ಣಿಗೆ ಜಾಲರಿಯ ತೂತುಗಳ ಆಚೆ ಬಿಳಿ ಚಾವಣಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಯಂತ್ರ ಗುಂಯ್ ಎಂದಿತು. ಮಂಡಿ ಕುಣಿಯಲು ಹವಣಿಸಿತು. ಕೈ ಎತ್ತಿದರೆ ಮುಗಿಯಿತು, ಗೇಟಿನ ತನಕ ಓಡಬಹುದು, ಆಮೇಲೆ ಜೀವಮಾನ ಪೂರ್ತಿ ಮೂಕನಾಗಿ ಸಿಲಿಂಡರ್ ಹೊರಬಹುದು. ಬೆರಳುಗಳು ಮೇಜು ಬಿಟ್ಟು ಮೇಲೆದ್ದವು.

ಆಗ ತಲೆಯ ಮೇಲಿನ ಸ್ಪೀಕರ್ ಕರ್ ಎಂದಿತು. ಗಾಜಿನ ಆಚೆಯಿಂದ ಅಕ್ಕ ಮಾತಾಡಲು ಹುಡುಗಿ ಮೈಕು ಕೊಟ್ಟಿರಬೇಕು. ಆದರೆ ಕೇಳಿದ್ದು ಬಿಕ್ಕುವ ಸದ್ದು. ಅಕ್ಕನಿಗೆ ಒಂದು ಪದವೂ ಹೊರಡಲಿಲ್ಲ. ಆಮೇಲೆ ಯಾರೋ ಕೆಮ್ಮಿದರು.

"ಕೇಳಿಸ್ತಿದೆಯೇನೋ?" ಬಡಗಿಯ ದನಿ. "ಸುಮ್ನೆ ಬಿದ್ಕೋ."

ಹಲಗೆಯ ಅಳತೆ ಓದುವ ದನಿಯಲ್ಲೇ ಅವನು ಶುರುಮಾಡಿದ. ಒಲೆಯ ಮುಂದೆ ನಿಂತವರನ್ನು ಕಾಯಿ. ದಾರಿಯಲ್ಲಿ ಇರುವವರನ್ನು ಕಾಯಿ. ಗಡಿಯಾರ ಹಿಡಿದು ನಿಂತಿದ್ದ ಅಷ್ಟೂ ದಿನ, ಮೂಗು ಮುರಿಯುತ್ತಲೇ ಪೂರ್ತಿ ಕಲಿತಿದ್ದ ಕಳ್ಳ. ಪೂರ್ತಿ ಎಂದರೂ ಒಂದು ಸಾಲು ಕಡಿಮೆ. ನಿದ್ದೆ ಬಾರದವರನ್ನು ಹಾರಿಸಿ ಮುಂದಕ್ಕೆ ಹೋಗಿಬಿಟ್ಟ. ತಿದ್ದೋಣವೆಂದರೆ ಬಾಯಿ ತೆರೆಯುವಂತಿಲ್ಲ. ಬುಗುರಿ ಬೆರಳುಗಳನ್ನು ಮೇಜಿಗೆ ಇಳಿಸಿ, ಆ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡ. ಈ ಹತ್ತು ದಿನ ಮನೆಯಲ್ಲಿ ಯಾರ್ಯಾರಿಗೆ ನಿದ್ದೆ ಬಂದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಎರಡನೇ ಸಲವೂ ಬಡಗಿ ಅಲ್ಲೇ ಎಡವಿದ. ಮೂರನೇ ಸಲ ಆ ಜಾಗ ಬರುವುದನ್ನು ಬುಗುರಿ ಕಾಯುತ್ತಲೇ ಮಲಗಿದ್ದ. ಒರೆಸಿಕೊಳ್ಳಲು ಆಗದ ಕಣ್ಣೀರು ಜಾಲರಿಯ ಕೆಳಗೇ ಹರಿದು ಕಿವಿಗೆ ಇಳಿಯಿತು.

ಯಂತ್ರ ನಿಂತಿತು. ಹುಡುಗಿ ತಿರುಪು ಬಿಚ್ಚಿದಳು. ಅಕ್ಕ ಬಂದು ತಲೆ ಹಿಡಿದುಕೊಂಡಳು, ಹೆಂಡತಿ ಪಾದಕ್ಕೆ ಹಣೆ ಹಚ್ಚಿ ಅತ್ತಳು. ಮುಖದ ತುಂಬ ಜಾಲರಿಯ ಗುರುತು ಮೂಡಿದ್ದ ಬುಗುರಿ ಬಾಗಿಲ ಕಡೆ ನೋಡಿದ. ಒಳಗೆ ಬರಲೋ ಬೇಡವೋ ಎಂದು ಬಡಗಿ ಅಲ್ಲೇ ನಿಂತಿದ್ದ.

"ಒಂದು ಸಾಲು ಬಿಟ್ಟೆಯಲ್ಲೋ," ಎಂದ ಬುಗುರಿ, ಒಡೆದ ದನಿಯಲ್ಲಿ.

"ಇನ್ನೂ ಮೂವತ್ಮೂರು ದಿನ ಇದೆಯಲ್ಲ," ಎಂದ ಬಡಗಿ. "ಕಲೀತೀನಿ ಬಿಡು."