ಹುಳದ ಮನೆಯ ಗಿಟಾರು

ಗುಮಟಾಪುರದ ಪುಟ್ಟಮಾದಮ್ಮ ರೇಷ್ಮೆಹುಳ ಸಾಕಿ ಬದುಕಿದವಳು. ಹೊಲಕ್ಕೆ ಆನೆ ಬಂದರೆ ತಮಟೆ ಹಿಡಿದು ಮುಂದೆ ನಿಲ್ಲುವ ಹೆಂಗಸು. ಅವಳು ಹೆದರಿದ್ದನ್ನು ನಾವು ಕಂಡದ್ದು ಎಂಬತ್ಮೂರನೇ ಇಸವಿಯ ಮಾಗಿಯಲ್ಲಿ, ಅದೂ ಒಂದು ಗಿಟಾರಿನ ದೆಸೆಯಿಂದ.

ಅವಳ ತಮ್ಮ ಬಿಳಿಗಿರಿ ನಮ್ಮ ರೈತರ ಸಭೆಗಳಲ್ಲಿ ಗಿಟಾರು ಬಾರಿಸಿ ಹಾಡುತ್ತಿದ್ದ. ಆ ಹಾಡುಗಳಿಗಾಗಿ ಪೊಲೀಸರು ಎಳೆದೊಯ್ಯುವಾಗ, "ಅಕ್ಕಾ, ನಾ ಬರಗಂಟ ಇದು ಜ್ವಾಪಾನ" ಎಂದು ಕೂಗಿ ಹೋದ. ಚಳಿಗೆ ಹುಳ ಸಾಯಬಾರದೆಂದು ಇದ್ದಿಲ ಒಲೆ ಇಟ್ಟಿದ್ದ ಕೋಣೆಯೇ ಬೆಚ್ಚಗಿದೆಯೆಂದು ಅವಳು ಗಿಟಾರನ್ನು ಅಲ್ಲೇ ನೇತುಹಾಕಿದಳು. ಒಂದು ಬೆಳಿಗ್ಗೆ ಅದು ಚಟ್ಟೆಂದಿತು. ತಂತಿಯ ಕೆಳಗೆ ಕೂದಲೆಳೆಯಷ್ಟು ಬಿರುಕು. ಇದು ಒಡೆದರೆ ತಮ್ಮ ಬದುಕಿ ಬರುವುದಿಲ್ಲ ಎಂಬ ಭಯ ಅವಳನ್ನು ಹಿಡಿಯಿತು.

"ಒಣಗಾಳಿಗೆ ಹುಳದ ಸೊಪ್ಪು ಬಾಡದಂಗೆ ಒದ್ದೆ ಗೋಣಿ ಕಟ್ತೀಯಲ್ಲ, ಗಿಟಾರಿನ ಮರಕ್ಕೂ ಕಟ್ಟಮ್ಮಿ. ಅತ್ಕಂಡು ಕೂತ್ರೆ ಬಿರುಕು ಕೂಡ್ಕಂಡದಾ?" ಎಂದು ನೆರೆಮನೆಯ ವೆಂಕಟಮ್ಮ ಗದರಿದಳು.

ಪುಟ್ಟಮಾದಮ್ಮ ಗಿಟಾರನ್ನು ಒಲೆಯಿಂದ ದೂರ ಸರಿಸಿ ಸುತ್ತ ಒದ್ದೆ ಗೋಣಿ ಇಳಿಬಿಟ್ಟಳು. ಗೋಣಿ ಒಣಗಿದಾಗಲೆಲ್ಲ ನೀರು ಚಿಮುಕಿಸಿ, ಬಿರುಕಿನ ಮೇಲೆ ಬೆರಳಾಡಿಸುತ್ತಿದ್ದಳು. ಅದು ಬೆಳೆಯಲಿಲ್ಲ.

ಕಡೆಗೆ ಬಿಳಿಗಿರಿ ಬಂದ. ಅವಳು ಬಾಗಿಲಲ್ಲೇ ಗಿಟಾರು ಮುಂದೆ ಹಿಡಿದು, "ಒಂದು ಬಿರುಕು ಬುಟ್ಟದೆ ಕಣಪ್ಪ, ಬಯ್ಯಬ್ಯಾಡ" ಎಂದಳು.

"ಬುಡಕ್ಕ, ಪೊಲೀಸ್ರ ಏಟ್ಗೆ ನನ್ ಪಕ್ಕೆಲುಬೂ ಬಿರುಕು ಬುಟ್ಟದೆ" ಎಂದು ನಗಲು ಹೋದವನು ನೋವಿಗೆ ಗೋಡೆ ಹಿಡಿದ.

ಮಾಗಿಯಿಡೀ ಮರವನ್ನೇ ಕಾದವಳು ಆಗ ತಮ್ಮನ ಅಂಗಿ ಎತ್ತಿ ನೋಡಿದಳು. ಈ ಬಿರುಕಿಗೆ ಯಾವ ಗೋಣಿ ಕಟ್ಟಬೇಕೆಂದು ಅವಳಿಗೆ ಗೊತ್ತಿರಲಿಲ್ಲ.