ಗ್ಯಾಂಬಿಯಾದವರ ಆನೆ

ಅಮೆರಿಕದ ಕ್ಯಾಂಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಗ್ಯಾಂಬಿಯಾದವರು, ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್. ಬಾಗಿಲಲ್ಲಿ ತಮ್ಮ ದೇಶದ ಬಾವುಟ ಕಟ್ಟುತ್ತಾ ಹಳೆಯ ಬಾವುಟದ ಕಥೆ ತೆಗೆಯುತ್ತಿದ್ದರು. ಬ್ರಿಟಿಷರು ಪಶ್ಚಿಮ ಆಫ್ರಿಕಾದ ತಮ್ಮ ವಸಾಹತುಗಳಿಗೆಲ್ಲ ಒಂದೇ ಆನೆಯ ಚಿತ್ರ ಕೊಟ್ಟು, ಕೆಳಗಿನ ಅಕ್ಷರ ಮಾತ್ರ ಬದಲಿಸಿದ್ದರಂತೆ; ಒಂದೇ ಬಿಡಿಭಾಗಕ್ಕೆ ಬೇರೆ ಬೇರೆ ಕಂಪನಿಯ ಸ್ಟಿಕರ್ ಅಂಟಿಸಿದ ಹಾಗೆ. ಯಾರಾದರೂ ಅವರನ್ನು ‘ಆಫ್ರಿಕಾದವರು’ ಎಂದಷ್ಟೇ ಪರಿಚಯಿಸಿದರೆ ಬೆರಳೆತ್ತಿ, “ಸೇಮ್ ಎಲಿಫೆಂಟ್!” ಎನ್ನುತ್ತಿದ್ದರು. ನನ್ನ ಗಂಡನೂ ಹಾಗೆ ಸಿಕ್ಕಿಬಿದ್ದದ್ದುಂಟು.

ಒಮ್ಮೆ ಯುಗಾದಿಗೆ ಊಟಕ್ಕೆ ಕರೆದೆವು. ಒಬ್ಬಟ್ಟು ಮುಗಿಸಿ, ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಕೈಮುಗಿದು, ಕಲಿತು ಬಂದ ಹಿಂದಿಯನ್ನು ಹೆಮ್ಮೆಯಿಂದ ಒಪ್ಪಿಸಿದರು: “ಖಾನಾ ಬಹುತ್ ಅಚ್ಛಾ ಹೈ!”

ಆನೆಯ ಕಥೆಯನ್ನು ಅವರ ಬಾಯಿಂದಲೇ ಕೇಳಿದ್ದ ಅತ್ತೆ ತುಪ್ಪದ ಚಮಚವನ್ನೇ ಎತ್ತಿ ಹಿಡಿದರು: “ಸೇಮ್ ಎಲಿಫೆಂಟ್ ಕಣಪ್ಪಾ!”