ಮುಂಡಗೋಡಕ್ಕೆ ಹೋಗಿ ಬಂದ ಕರೆವ್ವ

ಬ್ಯಾಡಗಿಯ ನಮ್ಮ ಓಣಿಯ ಭಜನಾ ಮಂಡಳಿಯ ಹೆಂಗಸರು ಒಂದು ದಿನದ ಪ್ರವಾಸಕ್ಕೆ ಹೊರಟಾಗ ಕರೆವ್ವ ತಾನೂ ಬರುತ್ತೇನೆ ಎಂದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಬಿಟ್ಟರೆ ಆಕೆ ಮನೆಯಿಂದ ಹೊರಬೀಳುವುದೇ ಅಪರೂಪ. ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ, ಕೊನೆಗೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಬುದ್ಧನ ಗುಡಿಗಳು. ಕರೆವ್ವನಿಗೆ ಬೇಕಾಗಿದ್ದುದು ಕೊನೆಯದು ಮಾತ್ರ. ಯಾಕೆಂದು ಬಸ್ಸಿನಲ್ಲಿ ನನಗೊಬ್ಬಳಿಗೇ ಹೇಳಿದಳು.

ಆಕೆಯ ಮಗ ತಿಪ್ಪೇಶ ಮೆಣಸಿನಕಾಯಿ ಲಾರಿಯ ಜೊತೆ ಹೋದವನು ತಿರುಗಿ ಬಂದಿರಲಿಲ್ಲ. ಆರು ವರ್ಷವಾಗಿತ್ತು. ಅವನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಅದಕ್ಕೇ ಅವನನ್ನು ಹುಟ್ಟಿದೊಡನೆ ತಿಪ್ಪೆಯ ಮೇಲೆ ಉರುಳಿಸಿ, ಮೂಗು ಚುಚ್ಚಿಸಿ, ಆ ಹೆಸರಿಟ್ಟಿದ್ದಳು. ಯಾರಿಗೂ ಬೇಡವಾದ ಕೂಸಿನ ಹಾಗೆ ಕಂಡರೆ ಸಾವು ಅದರ ಮೇಲೆ ಕಣ್ಣು ಹಾಕುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ.

ಸೊಸೆ ಶ್ವೇತಾ ಇನ್ನೂ ಅತ್ತೆಯ ಬಳಿಯೇ ಇದ್ದಳು. ಆಕೆಗೆ ಉಡಿಕೆಯ ಮರುಮದುವೆ ಮಾಡಿ ಇನ್ನೊಬ್ಬನಿಗೆ ಕೊಡಬೇಕೆಂದು ತವರಿನವರು ಗಂಡು ನೋಡಿ ಕಾಯುತ್ತಿದ್ದರು. ಅತ್ತೆ ಹೂಂ ಅನ್ನದೆ ಶ್ವೇತಾ ಹೊರಡಲೊಲ್ಲಳು. ಅಷ್ಟರಲ್ಲಿ, ಹಿಂದೊಮ್ಮೆ ಕ್ಯಾಂಪಿಗೆ ಹೋಗಿದ್ದ ನಮ್ಮ ಮಂಡಳಿಯ ಶೀಲಾ ತನ್ನ ಫೋನಿನ ವಿಡಿಯೊ ತೋರಿಸಿದಳು. ಕೆಂಪು ಶಾಲು ಹೊದ್ದು ಚಹಾದ ಕಿಟ್ಲಿ ಹಿಡಿದು ಒಬ್ಬ ದಾಟಿ ಹೋಗುತ್ತಾನೆ. ಆ ನಡಿಗೆ ತಿಪ್ಪೇಶನದೇ ಎಂದಳು ಕರೆವ್ವ. ಇದೊಂದು ನೋಡಿ ಬರುವವರೆಗೆ ತಡಿ ಎಂದು ಸೊಸೆಗೆ ಹೇಳಿ ಬಂದಿದ್ದಳು.

ಹಾನಗಲ್ಲಿನಲ್ಲಿ ಎಲ್ಲರೂ ಕತ್ತೆತ್ತಿ ಛತ್ತಿನ ಕಲ್ಲಿನ ಕಮಲ ನೋಡುತ್ತಿದ್ದರೆ ಕರೆವ್ವ ಬಾಗಿಲ ಕಡೆಗೇ ತಿರುಗಿ ನಿಂತಿದ್ದಳು.

"ಏನವಾ ಕರೆವ್ವ, ರೊಕ್ಕಾ ಕೊಟ್ಟು ಬಂದು ಬಾಗಲಾ ಕಾಯಾಕತ್ತೀಯಲ್ಲ" ಎಂದು ಶೀಲಾ ನಗಿಸಿದಳು. ಕರೆವ್ವನೂ ನಕ್ಕಳು. ನಾನು ತಾರಕೇಶ್ವರನ ಮುಂದೆ ಆಕೆಗಾಗಿಯೇ ಕಣ್ಣು ಮುಚ್ಚಿದೆ.

ಮುಂಡಗೋಡದ ಗುಡಿಯೊಳಗೆ ಬಂಗಾರದ ಬಣ್ಣದ ದೊಡ್ಡ ಬುದ್ಧ, ಅವನೆದುರು ಸಾಲಾಗಿ ಕುಳಿತು ಗುಂಯ್ ಎಂದು ಮಂತ್ರ ಹೇಳುವ ಸನ್ಯಾಸಿಗಳು. ಕರೆವ್ವ ಹೊಸ್ತಿಲಲ್ಲೇ ನಿಂತು ಒಬ್ಬೊಬ್ಬರ ಮುಖ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಹಿಂದಿನ ಅಡುಗೆಮನೆಗೆ ಎಳೆದೊಯ್ದಳು. ವಿಡಿಯೊ ತೋರಿಸಿದಾಗ ಅಲ್ಲಿದ್ದವರು ನಗುತ್ತ ಒಳಗಿನವನನ್ನು ಕೂಗಿದರು. ಅವನೇ ಬಂದ, ಅದೇ ನಡಿಗೆ. ಹೆಸರು ಚೇತನಕುಮಾರ, ಹಾನಗಲ್ ಕಡೆಯವನು, ಅಲ್ಲಿ ಕೂಲಿಗಿದ್ದ. ಚಳಿಗೆಂದು ಯಾರೋ ಆ ಶಾಲು ಕೊಟ್ಟಿದ್ದರಂತೆ.

ಕರೆವ್ವ ಒಪ್ಪಲಿಲ್ಲ. ಎರಡೂ ಕೈಯಿಂದ ಅವನ ಮುಖ ಹಿಡಿದು ಹೆಬ್ಬೆರಳಿನಿಂದ ಮೂಗು ತಡವಿದಳು. ಅಲ್ಲಿ ಚುಚ್ಚಿದ ಗುರುತಿರಲಿಲ್ಲ. ಮೆಣಸಿನಕಾಯಿಯ ಕೈ ಅದು, ಎಷ್ಟು ತೊಳೆದರೂ ಖಾರ ಹೋಗದು. ಆ ಹುಡುಗನ ಕಣ್ಣಲ್ಲಿ ನೀರು ಬಂದಿತ್ತು, ಆದರೂ ಮುಖ ಹಿಂದೆ ತೆಗೆಯಲಿಲ್ಲ.

"ಬೇಕಂದ್ರ ಇನ್ನೊಮ್ಮೆ ನೋಡ್ರಿ ಯವ್ವಾ" ಎಂದ.

ಆಕೆ ನೋಡಲಿಲ್ಲ.

ಹೊರಗೆ ಬಂದ ಮೇಲೆ, ಬುದ್ಧನಿಗಾದರೂ ಒಮ್ಮೆ ಕೈ ಮುಗಿದು ಬರೋಣ ಎಂದೆ. ಏನು ಕೇಳಲೆಂದು ಮುಗಿಯಲಿ ಎಂದಳು. ಇಷ್ಟು ವರ್ಷ ಭಜನೆ ಹಾಡಿದವಳು ನಾನು, ಆ ದಿನ ಕೈ ಮುಗಿಯದೆ ಆಕೆಯ ಹಿಂದೆ ಬಸ್ಸಿನ ಕಡೆ ನಡೆದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಫೋನಿನಿಂದ ಸೊಸೆಗೆ ಕರೆ ಹಚ್ಚಿಸಿಕೊಂಡಳು.

"ನಿಮ್ಮಪ್ಪಗ ಹೂಂ ಅಂತ ಹೇಳವಾ."

ಆ ಕಡೆಯಿಂದ ಶ್ವೇತಾ, "ಇನ್ನೊಂದು ವರ್ಷ ನೋಡೂಣ್ರಿ ಅತ್ತಿ" ಎಂದದ್ದು ನನಗೂ ಕೇಳಿಸಿತು.

"ನಾ ನೋಡೂದು ಮುಗೀತು."

ಕರೆ ನಿಲ್ಲಿಸುವುದು ಆಕೆಗೆ ಗೊತ್ತಿರಲಿಲ್ಲ. ಫೋನನ್ನು ನನ್ನ ಮಡಿಲಲ್ಲಿಟ್ಟು ಕಿಟಕಿಯ ಸರಳಿಗೆ ತಲೆ ಆನಿಸಿದಳು. ಫೋನಿನೊಳಗೆ ಶ್ವೇತಾ ಅಳುತ್ತಿದ್ದಳು. ನನಗೂ ಅದನ್ನು ನಿಲ್ಲಿಸಲು ಕೈ ಬರಲಿಲ್ಲ.